ತಾಯಿಮರವೂ ಮೂಲಪ್ರತಿಯೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ರೈತನಿಗೆ ತಾಯಿಮರದ ಮಹತ್ತ್ವವನ್ನು ಹೊರಗಿನವರು ಬೋಧಿಸಬೇಕಾಗಿಲ್ಲ. ವರ್ಷವರ್ಷವೂ ಸಮನಾಗಿ ಫಲ ಕೊಡುವ ಮರವನ್ನು ಗುರುತಿಟ್ಟು, ಅದರ ಬಲಿತ ಕಾಯನ್ನೇ ಆತನು ಸಸಿಗೆ ಇಡುತ್ತಾನೆ. ಆಯ್ಕೆ ತಪ್ಪಿದ್ದು ತಿಳಿಯುವುದು ಹಲವು ವರ್ಷಗಳ ನೀರು, ಗೊಬ್ಬರ ಸಂದ ಮೇಲೆಯೇ. ಈ ವಿವೇಕವು ಇಂದು ಕಂಪ್ಯೂಟರಿನ ಬಳಕೆಗೂ ಸಲ್ಲುತ್ತದೆ.

ಎಷ್ಟೋ ಮನೆಗಳಲ್ಲಿ ಒಂದೇ ಯಂತ್ರವನ್ನು ಹಲವರು ಬಳಸುತ್ತಾರೆ. ಕೊಬ್ಬರಿ ಮಾರಿದ ಹಣದ ಬ್ಯಾಂಕ್ ಲೆಕ್ಕವನ್ನು ಯಜಮಾನನು ನೋಡುವುದು ಅದರಲ್ಲಿಯೇ. ಅಪರಿಚಿತರು ಕಳುಹಿಸಿದ ಕಡತವನ್ನು ಮಗನು ತೆರೆಯುವುದೂ ಅದರಲ್ಲಿಯೇ. ಅಂತಹ ಒಂದು ಕಡತದೊಳಗಿನ ಕೇಡು ವರ್ಷದ ದುಡಿಮೆಯನ್ನೇ ಅಪಹರಿಸಬಲ್ಲದು.

ಇದಕ್ಕೊಂದು ಪರಿಹಾರ, ಪೋಲೆಂಡಿನ ಜೊವಾನಾ ರುಟ್ಕೋವ್ಸ್ಕಾ ಅವರು 2010ರಲ್ಲಿ ಪ್ರಕಟಿಸಿದ ‘ಕ್ಯೂಬ್ಸ್’ ಕಾರ್ಯಾಚರಣ ವ್ಯವಸ್ಥೆ. ‘ಝೆನ್’ ಎಂಬ ತಂತ್ರಾಂಶದ ನೆರವಿನಿಂದ ಅದು ಒಂದೇ ಯಂತ್ರವನ್ನು ಪರಸ್ಪರ ತಾಗದ ಹಲವು ಕೋಣೆಗಳಾಗಿ ವಿಂಗಡಿಸುತ್ತದೆ: ಬ್ಯಾಂಕಿಗೊಂದು, ಪಾಠಕ್ಕೊಂದು, ಪತ್ರವ್ಯವಹಾರಕ್ಕೊಂದು. ಈ ಕೋಣೆಗಳು ಫೆಡೋರಾ ಅಥವಾ ಡೆಬಿಯನ್ ಎಂಬ ಲಿನಕ್ಸ್‌ನ ಮೂಲಪ್ರತಿಯಿಂದ, ಎಂದರೆ ಟೆಂಪ್ಲೇಟಿನಿಂದ ಹುಟ್ಟುತ್ತವೆ. ಕೋಣೆಯೊಳಗೆ ವ್ಯವಸ್ಥೆಯ ಭಾಗಕ್ಕೆ ಏನು ಸೇರಿದರೂ, ಕೋಣೆಯನ್ನು ಮುಚ್ಚಿ ತೆರೆದೊಡನೆ ಅದು ಅಳಿದುಹೋಗುತ್ತದೆ. ಬಳಕೆದಾರನ ಸ್ವಂತ ಕಡತಗಳು ಮಾತ್ರ ಉಳಿಯುತ್ತವೆ. ಅವುಗಳಲ್ಲಿ ಕೇಡು ಅಡಗಿದ್ದರೂ ಅದು ಸಾಮಾನ್ಯವಾಗಿ ಆ ಕೋಣೆಯನ್ನು ದಾಟದು.

ಸಿದ್ಧವಾಗಿ ಬಂದ ಟೆಂಪ್ಲೇಟು ಎಲ್ಲರ ಅಗತ್ಯಕ್ಕೂ ಸಾಲದು. ಕನ್ನಡ ಬೇಕಾದವರು ಮೊದಲು ಅದರ ನಕಲೊಂದನ್ನು ಮಾಡಿಕೊಳ್ಳಬೇಕು. ಆ ನಕಲಿಗೆ ಡೆಬಿಯನ್ ಭಂಡಾರದ ‘ಗುಬ್ಬಿ’, ‘ನವಿಲು’ ಅಕ್ಷರವಿನ್ಯಾಸಗಳನ್ನೂ ಕನ್ನಡ ಕೀಲಿಮಣೆಯ ವಿನ್ಯಾಸವನ್ನೂ ಸೇರಿಸಿ, ಅದನ್ನು ಮುಚ್ಚಿದ ಬಳಿಕ, ಅದನ್ನು ಆಧರಿಸಿದ ಕೋಣೆಗಳನ್ನು ಮತ್ತೆ ತೆರೆಯಬೇಕು. ಮೂಲಪ್ರತಿಯಲ್ಲಿ ನಿತ್ಯದ ಕೆಲಸವನ್ನು ಮಾಡಲೇಬಾರದು. ಇಷ್ಟಕ್ಕೆಲ್ಲ ಯಂತ್ರಕ್ಕೆ 16 ಜಿಬಿ ಸ್ಮರಣಕೋಶವಿದ್ದರೆ ಒಳಿತು. ಶಾಲೆಗೆ ಯಂತ್ರಗಳನ್ನು ಕೊಡುವ ದಾನಿಗಳು ಇದನ್ನು ಗಮನಿಸಬಹುದು.

ತೆಂಗಿಗೂ ಇದಕ್ಕೂ ಒಂದು ಭೇದವುಂಟು. ಎತ್ತರದ ತಳಿಯ ತೆಂಗು ಬಹುಮಟ್ಟಿಗೆ ಪರಕೀಯ ಪರಾಗಸ್ಪರ್ಶದಿಂದ ಕಾಯಿ ಕಟ್ಟುವುದರಿಂದ ಸಸಿಯು ತಾಯಿಯ ಪಡಿಯಚ್ಚಲ್ಲ. ಟೆಂಪ್ಲೇಟಿನ ಕೋಣೆಯಾದರೋ ಪಡಿಯಚ್ಚೇ ಸರಿ. ಮೂಲದ ಗುಣವು ಎಲ್ಲ ಕೋಣೆಗಳಿಗೂ ಬರುವಂತೆ ಮೂಲದ ದೋಷವೂ ಬರುತ್ತದೆ. ಆಗ ನಡುವಣ ಗೋಡೆಗಳು ನಿಷ್ಪ್ರಯೋಜಕ. ಆದುದರಿಂದ ಬಲ್ಲವರು ಬ್ಯಾಂಕಿನ ಕೋಣೆಗೆಂದೇ ಬೇರೊಂದು ಮೂಲಪ್ರತಿಯನ್ನು ಕಾಯ್ದಿರಿಸಿ, ಅದರಲ್ಲಿ ಅತ್ಯಗತ್ಯವಾದುದನ್ನಷ್ಟೇ ಇಡುತ್ತಾರೆ. ಸೇರಿಸುವ ಚಾತುರ್ಯಕ್ಕಿಂತ ಸೇರಿಸದೆ ಬಿಡುವ ಸಂಯಮವೇ ಇಲ್ಲಿ ದೊಡ್ಡದು.