ಹತ್ತು ಗಜದ ಲಂಗ, ಒಂದು ಸೊಂಟಪಟ್ಟಿ



ಗಣಿತವನ್ನೂ ವಾರಕ್ಕೆರಡು ಅವಧಿ ಹೊಲಿಗೆಯನ್ನೂ ಕಲಿಸಿ ನಿವೃತ್ತಳಾದ ನನಗೂ ಬೆಲ್ಲಿ ಡ್ಯಾನ್ಸಿಗೂ ಎತ್ತಣ ನಂಟು ಎಂದು ನಿಮ್ಮಲ್ಲಿ ಹಲವರು ಹುಬ್ಬೇರಿಸಬಹುದು. ಆ ನಂಟು ಬಂದದ್ದು ನನ್ನ ಅಕ್ಕನ ಮೊಮ್ಮಗಳ ಮೂಲಕ. ಕ್ಯಾಲಿಫೋರ್ನಿಯಾದಲ್ಲಿ ಉದ್ಯೋಗದಲ್ಲಿರುವ ಅವಳು ಕೆಲವು ವರ್ಷಗಳಿಂದ ಈ ನೃತ್ಯದ 'ಟ್ರೈಬಲ್' ಶೈಲಿಯನ್ನು ಅಭ್ಯಾಸ ಮಾಡುತ್ತಿದ್ದಾಳೆ. ಅದರ ಉಡುಪನ್ನು ಒಂದೇ ಬಾರಿಗೆ ಕೊಳ್ಳದೆ, ಬಿಡಿಬಿಡಿಯಾಗಿ ಹುಡುಕಿ, ಹೊಲಿದು, ಕೂಡಿಸಿಕೊಳ್ಳುವುದು ಆ ನರ್ತಕಿಯರಲ್ಲಿ ಬಹುಕಾಲದ ರೂಢಿ. ಲಂಗದ ಲೆಕ್ಕ ಕೇಳಲು ಅವಳು ನನಗೆ ದೂರವಾಣಿ ಮಾಡಿದಂದಿನಿಂದ ನಾನೂ ಆ ಕೆಲಸದಲ್ಲಿ ಪಾಲುಗಾರಳಾದೆ.

'ಟ್ರೈಬಲ್' ಎಂದರೆ ಯಾವ ಬುಡಕಟ್ಟಿನದು ಎಂಬುದು ನನ್ನ ಮೊದಲ ಪ್ರಶ್ನೆಯಾಗಿತ್ತು. ಯಾವುದರದೂ ಅಲ್ಲ ಎಂಬುದೇ ಉತ್ತರ. ಜಮೀಲಾ ಸಲೀಂಪುರ್ ಎಂಬ ಶಿಕ್ಷಕಿ 1968ರಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಜಾತ್ರೆಯೊಂದಕ್ಕಾಗಿ 'ಬಾಲ್ ಅನತ್' ಎಂಬ ತಂಡವನ್ನು ಕಟ್ಟಿದರು. ಅವರ ಶಿಷ್ಯೆ ಮಾಶಾ ಆರ್ಚರ್. ಮಾಶಾರ ಶಿಷ್ಯೆ ಕ್ಯಾರೊಲೀನಾ ನೆರಿಚಿಯೊ. ಕ್ಯಾರೊಲೀನಾ 1987ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 'ಫ್ಯಾಟ್ ಚಾನ್ಸ್ ಬೆಲ್ಲಿ ಡ್ಯಾನ್ಸ್' ತಂಡವನ್ನು ಆರಂಭಿಸಿದರು. ಈ ಶೈಲಿಯಲ್ಲಿ ಮುಂಚಿತವಾಗಿ ಹೊಂದಿಸಿದ ನೃತ್ಯವಿನ್ಯಾಸವಿರಬೇಕಾಗಿಲ್ಲ. ಮುಂದೆ ನಿಂತವಳು ತೋಳಿನಿಂದಲೋ ಸೊಂಟದಿಂದಲೋ ಕೊಡುವ ಸನ್ನೆಯನ್ನು ಹಿಂದಿನವರು ಕ್ಷಣಮಾತ್ರದಲ್ಲಿ ಗ್ರಹಿಸಿ ಅನುಸರಿಸುತ್ತಾರೆ. ಮುಂದಾಳ್ತನ ಒಬ್ಬರಿಂದ ಒಬ್ಬರಿಗೆ ಹಸ್ತಾಂತರವಾಗುತ್ತದೆ. ಉಡುಪಿನ ಉದ್ದೇಶವೂ ಇದೇ. ಲಂಗದ ಘೇರು, ಸೊಂಟದ ಕುಚ್ಚುಗಳು, ನಾಣ್ಯಗಳು ಸಣ್ಣ ಚಲನೆಯನ್ನೂ ದೊಡ್ಡದಾಗಿಸಿ ಕಣ್ಣಿಗೆ ಕಾಣಿಸುತ್ತವೆ.

ಲಂಗದ ಅಂಚು ಹತ್ತು ಗಜ ಇರಬೇಕು. ಇಪ್ಪತ್ತೈದು ಗಜದವೂ ಉಂಟು. ಮೂರು ಅಂತಸ್ತು ಮಾಡೋಣವೆಂದೆ. ಮೇಲಿನದು 2½ ಗಜ, ನಡುವಿನದು 5, ಕೆಳಗಿನದು 10. ನನ್ನ ವಿದ್ಯಾರ್ಥಿಗಳು ಗುರುತಿಸಿಯೇ ಇರುತ್ತೀರಿ, ಇದು ಗುಣೋತ್ತರ ಶ್ರೇಢಿ. ಒಟ್ಟು 17½ ಗಜ ಪಟ್ಟಿ. 42 ಅಂಗುಲ ಪನ್ನದ ತೆಳು ಹತ್ತಿಬಟ್ಟೆ ಆರು ಗಜ ತಂದು, ಉದ್ದಕ್ಕೆ 14 ಅಂಗುಲದ ಮೂರು ಪಟ್ಟಿಗಳಾಗಿ ಸೀಳಿದರೆ 18 ಗಜ ದೊರೆಯುತ್ತದೆ. ಉಳಿದ ಅರ್ಧ ಗಜ ಸೊಂಟದ ಲಾಡಿಗೆ ವಿನಿಯೋಗ. ಪ್ರತಿ ಅಂತಸ್ತನ್ನೂ ಅರ್ಧಕ್ಕೆ ನೆರಿಗೆ ಹಿಡಿದು ಮೇಲಿನದಕ್ಕೆ ಸೇರಿಸಬೇಕು. ಒಂದು ಚಿಂದಿಯೂ ಪೋಲಾಗಲಿಲ್ಲವೆಂದು ಅವಳು ಫೋನಿನಲ್ಲಿ ನಕ್ಕಾಗ ನನಗಾದ ಸಂತೋಷ ಸಣ್ಣದಲ್ಲ.

ಲಂಗದೊಳಗೆ ಸಡಿಲ ಷರಾಯಿ. ಮೇಲೆ ಬೆನ್ನು ತೆರೆದ ಚೋಳಿ, ಅದು ನಮ್ಮ ದೇಶದಿಂದಲೇ ಹೋದದ್ದು. ಅದರ ಮೇಲೆ ನಾಣ್ಯಗಳನ್ನು ಹೊಲಿದ ಕಂಚುಕ. ಒಂದೊಂದು ನಾಣ್ಯಕ್ಕೂ ಪ್ರತ್ಯೇಕ ಗಂಟು ಹಾಕಬೇಕು, ಒಂದು ಹರಿದರೆ ಉಳಿದವು ಉದುರಬಾರದು. ಅದಕ್ಕೆ ಹಲ್ಲುಸಂದಿ ಶುಚಿಗೊಳಿಸುವ ಮೇಣದ ದಾರವೇ ಗಟ್ಟಿಯೆಂದು ಮೊಮ್ಮಗಳೇ ನನಗೆ ಕಲಿಸಿದಳು. ತಲೆಗೆ ರುಮಾಲು, ಬೆರಳುಗಳಿಗೆ ಪುಟ್ಟ ಹಿತ್ತಾಳೆ ತಾಳಗಳು. ಕೊರಳಿಗೆ ಅಫ್ಘಾನಿಸ್ತಾನದ ಅಲೆಮಾರಿ ಕೂಚಿ ಜನರ ಆಭರಣ. 1979ರ ನಂತರದ ಯುದ್ಧಕಾಲದಲ್ಲಿ ನಿರಾಶ್ರಿತರಾದವರು ಇಂಥ ಒಡವೆಗಳನ್ನು ಹೊಟ್ಟೆಪಾಡಿಗಾಗಿ ಮಾರಿದ್ದೂ ಉಂಟು ಎಂದು ತಿಳಿದಾಗ, ಅವುಗಳ ಹೊಳಪು ನನಗೆ ತುಸು ಬೇರೆಯಾಗಿ ಕಂಡಿತು.

ಕೊನೆಗುಳಿದದ್ದು ಸೊಂಟಪಟ್ಟಿ. ದಪ್ಪ ಬಟ್ಟೆಯ ಮೇಲೆ ಕನ್ನಡಿ, ಕವಡೆ, ಕಸೂತಿಯ ತುಂಡುಗಳನ್ನು ಹೊಲಿದು ಉಣ್ಣೆಯ ಕುಚ್ಚು ಇಳಿಬಿಡುವುದು. ಅದಕ್ಕಾಗಿ ಹಳೆಯದೊಂದು ಲಂಬಾಣಿ ಕುಪ್ಪಸ ಸಿಕ್ಕಿದರೆ ಕಳುಹಿಸು, ಕತ್ತರಿಸಿ ಜೋಡಿಸಿಕೊಳ್ಳುತ್ತೇನೆ ಎಂದಳು ಮೊಮ್ಮಗಳು.

ನಮ್ಮ ಶಾಲೆಗೆ ತಾಂಡಾದಿಂದ ನಡೆದು ಬರುತ್ತಿದ್ದ ಹುಡುಗಿಯೊಬ್ಬಳು ನನಗೆ ಆಗ ನೆನಪಾದಳು. ಅವಳ ತಾಯಿ ಫೇಟಿಯಾ, ಕಾಂಚಳಿ ತೊಟ್ಟು ಬಂದರೆ ಕೆಲವು ಮಕ್ಕಳು ನಗುತ್ತಿದ್ದರು. ಹುಡುಗಿ ತಾಯಿಯನ್ನು ಶಾಲೆಯ ಗೇಟಿನಿಂದಲೇ ಹಿಂದಕ್ಕೆ ಕಳುಹಿಸುತ್ತಿದ್ದಳು. ಇಂದು ಅವಳೂ ಶಿಕ್ಷಕಿ. ಅವಳನ್ನೇ ವಿಚಾರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಟೀಚರ್, ಅಮ್ಮನ ಕಾಂಚಳಿ ಒಂದಿದೆ. ಆದರೆ ಅದಕ್ಕೆ ಕತ್ತರಿ ಹಾಕಲು ಕೊಡಲಾರೆ. ನನ್ನ ಚಿಕ್ಕಮ್ಮ ಈಗಲೂ ಹಾಕುತ್ತಾರೆ, ಹೊಸದನ್ನೇ ಮಾಡಿಕೊಡುತ್ತಾರೆ. ಬೆಲೆ ಮಾತ್ರ ಅವರೇ ಹೇಳಬೇಕು."

ಆ ಮಾತಿನಲ್ಲಿ ಎಲ್ಲ ನ್ಯಾಯವೂ ಇತ್ತು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ ಮನ್ನಣೆಯಿದೆ. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ವೇಳೆ 1,755 ಲಂಬಾಣಿ ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯನ್ನೂ ಸೇರಿತು. ಆದರೂ ಹೊಲಿದವಳ ಹೆಸರು ಬಟ್ಟೆಯೊಡನೆ ಪ್ರಯಾಣಿಸುವುದು ಅಪರೂಪ. ದೂರದ ಅಂಗಡಿಯಲ್ಲಿ ಅದಕ್ಕೆ 'ಟ್ರೈಬಲ್' ಎಂಬ ಒಂದೇ ಚೀಟಿ. ಇದೇ ಜನ ಕರ್ನಾಟಕದ ಪಟ್ಟಿಯಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಒಂದು ಪದದಲ್ಲಿ ಅವರನ್ನು ಹಿಡಿದಿಡಲು ನಮಗೇ ಸಾಧ್ಯವಾಗಿಲ್ಲ. ಕ್ಯಾರೊಲೀನಾ ಅವರ ತಂಡವೂ 2020ರಲ್ಲಿ ತನ್ನ ಶೈಲಿಯ ಹೆಸರಿನಿಂದ ಆ ಪದವನ್ನು ಕೈಬಿಟ್ಟಿತು.

ಪಟ್ಟಿಗೆ ಎರಡು ತಿಂಗಳು ಹಿಡಿಯಿತು. ಚಿಕ್ಕಮ್ಮ ಹೇಳಿದ ಬೆಲೆಯನ್ನು ಮೊಮ್ಮಗಳು ಚೌಕಾಸಿಯಿಲ್ಲದೆ ಕೊಟ್ಟಳು. ಅಸ್ತರಿನ ಒಳಬದಿಯಲ್ಲಿ ಕೆಂಪು ದಾರದಿಂದ ತಮ್ಮ ಹೆಸರನ್ನು ಹೊಲಿಯುವಂತೆ ನಾನು ಕೇಳಿಕೊಂಡಿದ್ದೆ. ಅಕ್ಷರ ಬಾರದ ಅವರಿಗೆ ನನ್ನ ವಿದ್ಯಾರ್ಥಿನಿಯೇ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಟ್ಟಳಂತೆ. ಅದರ ಮೇಲೆ ಅವರು ಸೂಜಿ ನಡೆಸಿದರು. ಕುಣಿಯುವಾಗ ಆ ಹೆಸರು ನೋಡುಗರಿಗೆ ಕಾಣುವುದಿಲ್ಲ, ಕಟ್ಟಿಕೊಳ್ಳುವವಳಿಗೆ ಮಾತ್ರ ಗೊತ್ತು.

ಮಕ್ಕಳೇ, ನೀವು ಯಾವ ದೇಶದಲ್ಲಿದ್ದರೂ ಇನ್ನೊಬ್ಬರ ಕೈಕಸುಬನ್ನು ಸಂತೋಷವಾಗಿ ತೊಡಿರಿ, ಅದಕ್ಕೆ ಅಡ್ಡಿಯಿಲ್ಲ. ಕೊಳ್ಳುವ ಮುನ್ನ ಎರಡು ಪ್ರಶ್ನೆ ಕೇಳಿರಿ: ಇದನ್ನು ಮಾಡಿದವರು ಯಾರು? ಬೆಲೆ ಹೇಳಿದವರು ಯಾರು? ಎರಡಕ್ಕೂ ಉತ್ತರ ಒಂದೇ ಆಗಿದ್ದರೆ ನಿಶ್ಚಿಂತೆಯಿಂದ ಕೊಳ್ಳಿರಿ.