ಇನ್ನೂ ಎಡಕ್ಕೆ, ಮಕ್ಕಳೇ



ಕಳೆದ ಕ್ರಿಸ್ಮಸ್ ರಜೆಯಲ್ಲಿ ನಮ್ಮ ಐಸಿವೈಎಂ ಘಟಕದವರು ಪೊಸಡಿಗುಂಪೆ ಹತ್ತಿದ ಫೋಟೊವನ್ನು ನೀವೆಲ್ಲ ನೋಡಿದ್ದೀರಿ. ಅದರ ಕೆಳಗೆ ‘ನಮ್ಮ ಹಿಂದೆ ಕಾಣುವುದೇ ಕುದುರೆಮುಖ’ ಎಂದು ಬರೆದಿದ್ದೆವು. ಅದು ಕುದುರೆಮುಖ ಅಲ್ಲ. ತಪ್ಪು ಹೇಗಾಯಿತು ಎಂದು ತಿಳಿಸಲಿಕ್ಕೆ ಈ ಬರಹ.

ಪೊಸಡಿಗುಂಪೆ ಧರ್ಮತ್ತಡ್ಕದ ಹತ್ತಿರದ ಗುಡ್ಡೆ. ಆಕಾಶ ತಿಳಿಯಾಗಿದ್ದರೆ ಪಡುವಣಕ್ಕೆ ಸಮುದ್ರ, ಮೂಡಣಕ್ಕೆ ಘಟ್ಟದ ಸಾಲು. ಆ ಸಾಲಿನಲ್ಲಿ 1,894 ಮೀಟರ್ ಎತ್ತರದ ಕುದುರೆಮುಖ ಯಾವುದು ಎಂದು ನಮ್ಮೊಳಗೆ ಚರ್ಚೆ ಶುರುವಾಯಿತು. ನಾವು ಫೋನಿನ ನಕ್ಷೆ ತೆರೆದೆವು. ಕುದುರೆಮುಖ ಇರುವುದು ಉತ್ತರದಿಂದ ತುಸು ಪೂರ್ವಕ್ಕೆ ವಾಲಿದ ದಿಕ್ಕಿನಲ್ಲಿ, 50 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ. ನಕ್ಷೆಯಿಂದ ಡಿಗ್ರಿ ಲೆಕ್ಕ ಹಾಕಿ, ಫೋನಿನ ದಿಕ್ಸೂಚಿ ಅಷ್ಟೇ ಡಿಗ್ರಿ ತೋರಿಸುವವರೆಗೆ ತಿರುಗಿ ನಿಂತೆವು. ಎದುರಿಗೊಂದು ನೀಲಿ ಶಿಖರ ಇತ್ತು. “ಅದೇ!” ಎಂದೆವು.

ನಮ್ಮೊಂದಿಗೆ ಬಂದಿದ್ದ ಅಜ್ಜ ಒಬ್ಬರು ಕಲ್ಲಿನ ಮೇಲೆ ಕುಳಿತು ದಣಿವಾರಿಸುತ್ತಿದ್ದರು. “ಅದಲ್ಲ ಮಕ್ಕಳೇ, ಕುದುರೆಮುಖ ಇನ್ನೂ ಎಡಕ್ಕೆ” ಅಂದರು.

“ಅಜ್ಜ, ಫೋನು ಸುಳ್ಳು ಹೇಳ್ತದಾ?” ಎಂದು ನಾವು ನಕ್ಕೆವು. ನಮ್ಮಲ್ಲಿ ಬಿಎಸ್ಸಿ ಮಾಡಿದವರೇ ಮೊದಲು ನಕ್ಕದ್ದು. ಅಜ್ಜ ಮತ್ತೆ ಮಾತಾಡಲಿಲ್ಲ. ಇಳಿಯುವಾಗಲೂ ಸುಮ್ಮನೇ ಇದ್ದರು. ಆ ಮೌನ ನಮಗೆ ಆಗ ಕೇಳಿಸಲಿಲ್ಲ.

ಕೆಲವು ವಾರಗಳ ನಂತರ ಸಣ್ಣ ಮಕ್ಕಳನ್ನು ಕರೆದುಕೊಂಡು ಮತ್ತೆ ಹತ್ತಿದೆವು. ಈ ಸಲ ಒಬ್ಬ ಹುಡುಗ ತನ್ನ ಸ್ಕೌಟಿನ ದಿಕ್ಸೂಚಿ ತಂದಿದ್ದ. ಅವನ ಸೂಜಿಗೂ ನಮ್ಮ ಫೋನಿಗೂ ಹೊಂದಾಣಿಕೆಯೇ ಇಲ್ಲ. ಯಾವುದು ಸರಿ? ಕೆಳಗೆ ಬೆಳ್ಳಗೆ ಕಾಣುತ್ತಿದ್ದ ನಮ್ಮ ಇಗರ್ಜಿಯ ಗೋಪುರ ಆಗ ನೆನಪಾಯಿತು. ಅದು ಯಾವ ದಿಕ್ಕಿಗಿದೆ ಎಂದು ನಕ್ಷೆ ಖಚಿತವಾಗಿ ಹೇಳುತ್ತದೆ. ಗೋಪುರಕ್ಕೆ ಗುರಿಯಿಟ್ಟು ಎರಡನ್ನೂ ಪರೀಕ್ಷಿಸಿದೆವು. ಹುಡುಗನ ಸೂಜಿ ಸರಿಯಾಗಿತ್ತು, ನಮ್ಮ ಫೋನು ತಪ್ಪಿತ್ತು.

ಕಾರಣ ನಮ್ಮ ಕೈಯಲ್ಲೇ ಇತ್ತು. ಫೋನಿನ ಪುಸ್ತಕದಂಥ ಕವರು ಮುಚ್ಚಿಕೊಳ್ಳುವುದು ಒಂದು ಪುಟ್ಟ ಅಯಸ್ಕಾಂತದಿಂದ. ಕವರು ಕಳಚಿ, ಫೋನನ್ನು ಗಾಳಿಯಲ್ಲಿ ಎಂಟರ ಆಕಾರದಲ್ಲಿ ಆಡಿಸಿ ಮತ್ತೆ ನೋಡಿದರೆ ಹತ್ತು ಡಿಗ್ರಿಯಷ್ಟು ವ್ಯತ್ಯಾಸ! ಫೋನಿನ ಜೊತೆಗೇ ತಿರುಗುವ ಅಯಸ್ಕಾಂತ ಎಲ್ಲ ದಿಕ್ಕಿಗೂ ಒಂದೇ ಅಳತೆಯ ತಪ್ಪು ಕೊಡುವುದಿಲ್ಲ. ಹಾಗಾಗಿ ಲೆಕ್ಕದಲ್ಲಿ ಕೂಡಿಸಿ ಕಳೆದು ಸರಿಪಡಿಸಲು ಹೋಗಬಾರದು, ಅದನ್ನು ತೆಗೆದೇ ಇಡಬೇಕು.

ಡಿಗ್ರಿ ಎಂದರೆ ಸಣ್ಣದು ಅನಿಸುತ್ತದೆ. ಆದರೆ 50 ಕಿಲೋಮೀಟರ್ ದೂರದಲ್ಲಿ ಒಂದು ಡಿಗ್ರಿ ತಪ್ಪಿದರೆ ಸುಮಾರು 870 ಮೀಟರ್ ಆಚೀಚೆ. ಹತ್ತು ಡಿಗ್ರಿ ತಪ್ಪಿದರೆ ಹೆಚ್ಚುಕಡಿಮೆ ಒಂಬತ್ತು ಕಿಲೋಮೀಟರ್. ಅಷ್ಟರಲ್ಲಿ ಎಷ್ಟು ಬೆಟ್ಟಗಳು ಬಂದುಹೋಗುವುದಿಲ್ಲ!

ಇನ್ನೆರಡು ವಿಷಯ ಕಲಿತೆವು. ಸೂಜಿ ತೋರಿಸುವ ಉತ್ತರ ಮತ್ತು ನಕ್ಷೆಯ ಉತ್ತರ ಒಂದೇ ಅಲ್ಲ. ನಮ್ಮ ಕಡೆ ಸೂಜಿ ಪಶ್ಚಿಮಕ್ಕೆ ವಾಲುತ್ತದೆ, ಎರಡು ಡಿಗ್ರಿಗಿಂತ ಕಡಿಮೆ. ಬೇರೆ ದೇಶಗಳಲ್ಲಿ ಇದು ಹತ್ತು ಡಿಗ್ರಿ ಮೀರುವುದೂ ಉಂಟು. ಇನ್ನೊಂದು, ದಿಕ್ಸೂಚಿ ದಿಕ್ಕು ಹೇಳುತ್ತದೆಯೇ ಹೊರತು ದೂರ ಹೇಳುವುದಿಲ್ಲ. ಒಂದೇ ಗೆರೆಯ ಮೇಲೆ ಹತ್ತಿರದ ಗುಡ್ಡೆಯೂ ಇರಬಹುದು, ದೂರದ ಬೆಟ್ಟವೂ ಇರಬಹುದು. ಬೇರೊಂದು ಜಾಗದಿಂದ ಅದೇ ಶಿಖರಕ್ಕೆ ಇನ್ನೊಂದು ಗೆರೆ ಎಳೆದರೆ, ಎರಡೂ ಕೂಡುವಲ್ಲಿ ಆ ಬೆಟ್ಟ ಇರುತ್ತದೆ.

ಕವರು ಕಳಚಿದ ಫೋನು ಮತ್ತು ಹುಡುಗನ ಸೂಜಿ ಎರಡೂ ತೋರಿಸಿದ್ದು ಅಜ್ಜ ಹೇಳಿದ ಕಡೆಗೇ. ಎಡಕ್ಕೆ.

ಮರುದಿನ ಭಾನುವಾರ, ಪೂಜೆ ಮುಗಿದ ಮೇಲೆ ನಾವೆಲ್ಲ ಅಜ್ಜನ ಮನೆಗೆ ಹೋದೆವು. “ತಪ್ಪಾಯ್ತು ಅಜ್ಜ, ನೀವು ಹೇಳಿದ್ದೇ ಸರಿ” ಎಂದೆವು. ಅವರು ನಮ್ಮನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ತೆಂಗಿನಮರಗಳ ಸಂದಿನಲ್ಲಿ ಘಟ್ಟ ತೋರಿಸಿದರು. “ಮಳೆ ಬಿಟ್ಟ ಬೆಳಿಗ್ಗೆ ಇಲ್ಲಿಂದಲೇ ಕಾಣ್ತದೆ. ನನ್ನ ಅಪ್ಪ ತೋರಿಸಿದ್ದು.” ಆಮೇಲೆ ಮೆಲ್ಲಗೆ ಹೇಳಿದರು: “ಬೆಟ್ಟದ ಹೆಸರು ತಪ್ಪಿದ್ದಕ್ಕೆ ಬೇಜಾರಿಲ್ಲ ಮಕ್ಕಳೇ. ನೀವು ನಕ್ಕಿರಿ ಅಲ್ವಾ, ಅದಕ್ಕೆ ಸ್ವಲ್ಪ ಬೇಜಾರಾಯ್ತು.”

ನಮಗೆ ಉತ್ತರ ಹೊಳೆಯಲಿಲ್ಲ. ಚಾ ಕುಡಿದು ಬಂದೆವು.

ಪಾಪನಿವೇದನೆಗೆ ಮುಂಚೆ ಆತ್ಮಶೋಧನೆ ಮಾಡಬೇಕೆಂದು ಧರ್ಮೋಪದೇಶದ ತರಗತಿಯಲ್ಲಿ ಕಲಿತಿದ್ದೇವೆ. ಆ ತಿಂಗಳು ನಮ್ಮ ಘಟಕದ ಪ್ರಾರ್ಥನಾಕೂಟದಲ್ಲಿ ಇದನ್ನೇ ಮಾತಾಡಿಕೊಂಡೆವು. ನಮ್ಮ ಫೋನಿನೊಳಗೆ ಏನೂ ಕೆಟ್ಟಿರಲಿಲ್ಲ. ಅದಕ್ಕೆ ಅಂಟಿಕೊಂಡ ಅಯಸ್ಕಾಂತ ಎಳೆಯುತ್ತಿತ್ತು. ನಮ್ಮ ಮನಸ್ಸಾಕ್ಷಿಗೆ ಏನು ಅಂಟಿಕೊಂಡಿದೆ ಎಂದು ನೋಡಿಕೊಳ್ಳದೆ ದೊಡ್ಡವರನ್ನು ತಿದ್ದಲು ಹೋದದ್ದೇ ನಮ್ಮ ತಪ್ಪು. ದೂರದ ಬೆಟ್ಟಕ್ಕೆ ಗುರಿಯಿಡುವ ಮೊದಲು ಒಮ್ಮೆ ಇಗರ್ಜಿಯ ಗೋಪುರಕ್ಕೆ ಗುರಿಯಿಟ್ಟು ನೋಡಿದ್ದರೆ ಸಾಕಿತ್ತು.

ಫೋಟೊದ ಕೆಳಗಿನ ಸಾಲು ತಿದ್ದಿದ್ದೇವೆ. ಮುಂದಿನ ಸಲ ಹತ್ತುವಾಗ ನೀವೂ ಬನ್ನಿ. ಫೋನಿನ ಕವರು ಮನೆಯಲ್ಲಿಡಿ. ಅಜ್ಜ ಬರುತ್ತೇನೆ ಎಂದಿದ್ದಾರೆ.