ಮೊಮ್ಮಗನ ಮೊದಲ ಬೇಸ್‌ಬಾಲ್ ಆಟ

ಚಿಕಾಗೋ ನಗರದ ರಿಗ್ಲಿ ಫೀಲ್ಡ್ ಕ್ರೀಡಾಂಗಣವು 1914ರಷ್ಟು ಹಿಂದಿನದು. ಅದರ ಇಟ್ಟಿಗೆಗೋಡೆಯ ಮೇಲೆ ಹಬ್ಬಿರುವ ಐವಿ ಬಳ್ಳಿಯನ್ನು 1937ರಲ್ಲಿ ನೆಟ್ಟರು. ಅಂಕಗಳನ್ನು ತೋರಿಸುವ ದೊಡ್ಡ ಹಲಗೆಯೂ ಅದೇ ವರ್ಷದ್ದು. ಅದರೊಳಗಿರುವವರು ಇಂದಿಗೂ ಅಂಕೆಗಳನ್ನು ಕೈಯಿಂದಲೇ ಬದಲಾಯಿಸುತ್ತಾರೆ. 2023ರ ಬೇಸಗೆಯಲ್ಲಿ ಮಗಳ ಮನೆಗೆ ಹೋಗಿದ್ದಾಗ ಐದು ವರ್ಷದ ಮೊಮ್ಮಗನನ್ನು ಅಲ್ಲಿಗೆ ಕರೆದೊಯ್ಯುವ ಭಾಗ್ಯ ನನ್ನದಾಯಿತು. ನಮ್ಮಿಬ್ಬರಿಗೂ ಅದೇ ಮೊದಲ ಬೇಸ್‌ಬಾಲ್ ಪಂದ್ಯ.

ಹೊರಡುವಾಗ ಮಗಳು, "ಅಪ್ಪಾ, ಅವನಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ಬಾಯಲ್ಲಿ ಬರುವುದಿಲ್ಲ. ಒತ್ತಾಯ ಮಾಡಬೇಡಿ" ಎಂದಳು. ಮನೆಗೊಂದು, ಪೇಟೆಗೊಂದು, ಕಚೇರಿಗೊಂದು ಭಾಷೆಯಿರುವ ಕಾಸರಗೋಡಿನಲ್ಲಿ ಬೆಳೆದ ನನಗೆ ಆ ಮಾತು ನಾಟಿತು.

ಬೇಸ್‌ಬಾಲ್ ನಮ್ಮ ಕ್ರಿಕೆಟ್ಟಿನ ದೂರದ ನೆಂಟ. ತಂಡಕ್ಕೆ ಒಂಬತ್ತು ಮಂದಿ, ಒಂಬತ್ತು ಸರದಿ. ಮೂವರು ಔಟಾದರೆ ಸರದಿ ಮುಗಿಯಿತು. ಅರುವತ್ತೂವರೆ ಅಡಿ ದೂರದಿಂದ ಎಸೆದ ಚೆಂಡು ನೆಲ ಮುಟ್ಟದೆ ದಾಂಡಿಗನತ್ತ ಬರುತ್ತದೆ. ಪ್ರೇಕ್ಷಕರ ನಡುವೆ ಬಿದ್ದ ಚೆಂಡು ಹಿಡಿದವನ ಸ್ವತ್ತು. ಆದರೆ ಎದುರಾಳಿ ಹೊಡೆದ ಹೋಂ ರನ್ನಿನ ಚೆಂಡನ್ನು ಇಲ್ಲಿನ ಅಭಿಮಾನಿಗಳು ಅಂಗಣಕ್ಕೇ ತಿರುಗಿ ಎಸೆಯುವ ರೂಢಿಯಿದೆ. ಎಂಥ ಛಲ!

ನಮ್ಮಲ್ಲಿ ಯಕ್ಷಗಾನಕ್ಕೂ 'ಆಟ'ವೆಂದೇ ಹೆಸರಷ್ಟೆ. ಕುಂಬಳೆ ಸೀಮೆಯ ಬಯಲಾಟಗಳಿಗೆ ಹಿರಿಯರು ನಮ್ಮನ್ನು ಕರೆದೊಯ್ದಾಗ ಪ್ರಸಂಗವನ್ನು ಯಾರೂ ಬಿಡಿಸಿ ಹೇಳಿದವರಲ್ಲ. ಚಾಪೆಯಲ್ಲಿ ನಿದ್ದೆಹೋದವರನ್ನು ಬಣ್ಣದ ವೇಷ ಬರುವಾಗ ಎಬ್ಬಿಸುತ್ತಿದ್ದರು, ಅಷ್ಟೆ. ನಾನೂ ವಿವರಣೆಗೆ ಹೋಗಲಿಲ್ಲ. ಒಬ್ಬೊಬ್ಬ ಔಟಾದಾಗಲೂ ಬೆರಳು ಮಡಚಿ "ಒಂದು, ಎರಡು, ಮೂರು" ಎನ್ನುತ್ತಿದ್ದೆ. ಹುಡುಗ ಆಟಗಾರರಿಗಿಂತ ಹೆಚ್ಚಾಗಿ ಆ ಹಲಗೆಯನ್ನೇ ನೋಡುತ್ತಿದ್ದ. ಐದನೆಯ ಸರದಿಗೆ ನನ್ನ ಮಡಿಲಲ್ಲಿ ನಿದ್ದೆಹೋದ.

ಏಳನೆಯ ಸರದಿಯ ನಡುವೆ ಎಲ್ಲರೂ ಎದ್ದು ನಿಂತು 1908ರ ಹಾಡೊಂದನ್ನು ಒಕ್ಕೊರಲಿನಿಂದ ಹಾಡುವುದು ಪದ್ಧತಿ. ಬಣ್ಣದ ವೇಷಕ್ಕೆ ಎಬ್ಬಿಸುವಂತೆ ಅವನನ್ನು ಎಬ್ಬಿಸಿದೆ. ಹಾಡು ನಮ್ಮಿಬ್ಬರಿಗೂ ಬಾರದು, ಚಪ್ಪಾಳೆ ಹೊಡೆದೆವು.

ಎಂಟನೆಯ ಸರದಿಯಲ್ಲಿ ಇಬ್ಬರು ಔಟಾಗಿದ್ದರು. ಹುಡುಗ ನನ್ನ ಕೈಯನ್ನೆಳೆದು, ತಾನೇ ಎರಡು ಬೆರಳು ಮಡಚಿ, "ಅಜ್ಜ, ಎರಡು ಆಯಿತು. ಇನ್ನೊಂದು" ಎಂದ. ನಾನು ಏನೂ ವಿಶೇಷ ನಡೆಯದವನಂತೆ "ಹೌದು, ಇನ್ನೊಂದು" ಎಂದೆ. ಹೊಗಳಿದರೆ ನಾಚಿ ಬಾಯಿ ಮುಚ್ಚುವ ಸ್ವಭಾವ ಅವನದು. ಅವನ ತಾಯಿಯೂ ಹಾಗೆಯೇ ಇದ್ದಳು.

ಊರಿನ ತಂಡ ಗೆದ್ದಿತು. ಗೆದ್ದ ದಿನ ಹಲಗೆಯ ಮೇಲಿನ ಕಂಬದಲ್ಲಿ ನೀಲಿ 'ಡಬ್ಲ್ಯು' ಅಕ್ಷರವಿರುವ ಬಿಳಿಯ ಬಾವುಟವನ್ನು ಹಾರಿಸುತ್ತಾರೆ. ಕನ್ನಡದಲ್ಲಾದರೆ ಅಲ್ಲಿ ಯಾವ ಅಕ್ಷರವಿರಬೇಕೆಂದು ಹುಡುಗ ಇಂಗ್ಲಿಷಿನಲ್ಲೇ ಕೇಳಿದ. 'ಗೆದ್ದರು' ಎಂಬುದರ 'ಗೆ' ಎಂದೆ. ಮರಳುವ ರೈಲಿನಲ್ಲಿ, ನಮ್ಮ ಶಾಲೆಯ ಒಂದನೆಯ ತರಗತಿಯಲ್ಲಿ ಗುರುಗಳು ಹೊಯಿಗೆಯ ಮೇಲೆ ಬರೆಯಿಸಿದಂತೆ, ಅವನ ಬೆರಳು ಹಿಡಿದು ಮಂಜುಗಟ್ಟಿದ ಕಿಟಕಿಯ ಗಾಜಿನ ಮೇಲೆ ಅದನ್ನು ಬರೆಯಿಸಿದೆ. ಆಮೇಲೆ ತಾನೇ ಬರೆಯತೊಡಗಿದ. ಇಳಿಯುವ ನಿಲ್ದಾಣ ಬರುವ ತನಕವೂ ಎತ್ವ ಮಾತ್ರ ತಿರುಗುಮುರುಗಾಗಿಯೇ ಬೀಳುತ್ತಿತ್ತು.